ಹಬ್ಬ ಮುಗಿಯಿತು, ಡಬ್ಬ ಮುಗಿಯಲಿಲ್ಲ

ಗಣಪತಿ ಬಿಟ್ಟ ಮಾರನೇ ದಿನ ಬೆಳಿಗ್ಗೆ ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿನ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತು ನೋಡಿ. ಪಿರಿಯಾಪಟ್ಟಣದ ಕಡೆಗೆ ಹೋಗುವ ಬಸ್ಸು ಹತ್ತುವವರ ಕೈಯಲ್ಲಿ ಬಟ್ಟೆಯ ಬ್ಯಾಗಿನ ಜೊತೆಗೆ ಇನ್ನೊಂದು ಚೀಲ ಇದ್ದೇ ಇರುತ್ತದೆ. ಅದನ್ನು ಯಾರೂ ಬಸ್ಸಿನ ಮೇಲಕ್ಕೆ ಹಾಕುವುದಿಲ್ಲ, ಸೀಟಿನ ಕೆಳಗೂ ತಳ್ಳುವುದಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಿರುತ್ತಾರೆ. ಒಳಗೆ ಒಂದು ಡಬ್ಬ, ಡಬ್ಬದೊಳಗೆ ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ, ಕರ್ಜಿಕಾಯಿ. ಮೇಲೊಂದು ಪೊಟ್ಟಣದಲ್ಲಿ ರವೆ ಉಂಡೆ.

ಬಸ್ಸು ಹೊರಡುವಾಗ ಕಿಟಕಿಯ ಹೊರಗೆ ನಿಂತ ತಾಯಿ ಹೇಳುವ ಮಾತೂ ಪ್ರತಿ ವರ್ಷ ಒಂದೇ: “ಅಕ್ಕಪಕ್ಕದೋರಿಗೆಲ್ಲ ಕೊಡವ್ವ, ಇಟ್ಕಂಡು ಮೆತ್ತಗೆ ಮಾಡ್ಬೇಡ.”

ಮಗಳು ತಲೆಯಾಡಿಸುತ್ತಾಳೆ. ಮೈಸೂರಿಗೋ ಬೆಂಗಳೂರಿಗೋ ತಲುಪುತ್ತಾಳೆ. ಎರಡು ದಿನ ಎಲ್ಲರೂ ಇಷ್ಟಪಟ್ಟು ತಿನ್ನುತ್ತಾರೆ. ಮೂರನೇ ದಿನ ಡಬ್ಬ ಅಡುಗೆಮನೆಯ ಮೇಲಿನ ಶೆಲ್ಫಿಗೆ ಹೋಗುತ್ತದೆ. ಹದಿನೈದು ದಿನ ಕಳೆದು ಮುಚ್ಚಳ ತೆಗೆದಾಗ ಚಕ್ಕುಲಿ ಮೆತ್ತಗಾಗಿರುತ್ತದೆ, ತಳದಲ್ಲಿ ಒಂದು ಹಿಡಿ ಪುಡಿ ಬಿದ್ದಿರುತ್ತದೆ. ಮುಂದೆ ಅದು ಕಸದ ಬುಟ್ಟಿಗೆ.

ಹಾಗೆ ಆಗಬೇಕಿಲ್ಲ. ಆ ಡಬ್ಬದಲ್ಲಿ ಕೊನೆಗೆ ಉಳಿದದ್ದರಿಂದ ಇನ್ನೂ ನಾಲ್ಕು ಹೊತ್ತಿನ ಅಡುಗೆ ಆಗುತ್ತದೆ. ಇದು ಹೊಸ ವಿದ್ಯೆಯೇನಲ್ಲ, ನಮ್ಮ ಅಡುಗೆಮನೆಗಳಲ್ಲಿ ಇದ್ದದ್ದೇ.

ಉಳಿಯಲಿ ಎಂದೇ ಮಾಡಿದ್ದು

ಹಬ್ಬದ ತಿಂಡಿ ಉಳಿಯುವುದು ಲೆಕ್ಕ ತಪ್ಪಿದ್ದರಿಂದ ಅಲ್ಲ. ಅದನ್ನು ಉಳಿಯಲಿ ಎಂದೇ ಮಾಡುತ್ತಿದ್ದರು. ಈ ಒಂದು ಮಾತು ಮನಸ್ಸಿಗೆ ಬಂದರೆ ಉಳಿದ ತಿಂಡಿಯನ್ನು ನೋಡುವ ಕಣ್ಣೇ ಬದಲಾಗುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಕಡೆ ಹೊಗೆಸೊಪ್ಪಿನ ಬೇಸಾಯ. ಮುಂಗಾರಿಗೆ ಸಸಿ ನೆಟ್ಟರೆ ಆಷಾಢ, ಶ್ರಾವಣ, ಭಾದ್ರಪದದಲ್ಲಿ ಎಲೆ ಮುರಿದು ಬ್ಯಾರನ್ನಿಗೆ, ಅಂದರೆ ಎಲೆ ಹದ ಮಾಡುವ ಮನೆಗೆ, ಏರಿಸುವ ಕೆಲಸ. ಒಂದು ಸಲ ಬ್ಯಾರನ್ ತುಂಬಿ ಬೆಂಕಿ ಹಾಕಿದರೆ ಐದಾರು ದಿನ ಹಗಲೂ ರಾತ್ರಿ ಕಾವು ಏರುಪೇರಾಗದಂತೆ ಯಾರಾದರೊಬ್ಬರು ಕಾಯಬೇಕು. ಕಾವು ಹೆಚ್ಚಾದರೆ ಎಲೆ ಸುಟ್ಟು ಕಪ್ಪಾಗುತ್ತದೆ, ಕಡಿಮೆಯಾದರೆ ಬಣ್ಣ ಬರುವುದಿಲ್ಲ. ವರ್ಷದ ದುಡಿಮೆ ಆ ಬೆಂಕಿಯ ಮೇಲೆ ನಿಂತಿರುತ್ತದೆ.

ಗೌರಿ ಗಣೇಶ ಹಬ್ಬ ಬರುವುದು ಸರಿಯಾಗಿ ಈ ದಿನಗಳಲ್ಲೇ. ಹೆಂಗಸರು ಹಗಲೆಲ್ಲ ಎಲೆ ಕಟ್ಟಲು ಕೂತಿರುತ್ತಾರೆ. ಸಂಜೆ ಒಲೆ ಹಚ್ಚಿ ತಿಂಡಿ ಮಾಡುವ ವ್ಯವಧಾನ ಎಲ್ಲಿಂದ ಬರಬೇಕು? ಹಬ್ಬಕ್ಕೆಂದು ಒಮ್ಮೆ ಬಾಣಲೆ ಇಟ್ಟು ಕರಿದದ್ದು ಮುಂದಿನ ಮೂರು ವಾರ ಬ್ಯಾರನ್ನಿನ ಮುಂದೆ ಕಾಯುವವರಿಗೆ, ಎಲೆ ಕಟ್ಟಲು ಬಂದ ಆಳುಗಳಿಗೆ, ಶಾಲೆಯಿಂದ ಬಂದ ಮಕ್ಕಳಿಗೆ ಟೀ ಹೊತ್ತಿನ ಆಸರೆ. ರಾತ್ರಿ ಒಂದು ಗಂಟೆಗೆ ಬ್ಯಾರನ್ನಿನ ಒಲೆಯ ಬಾಯಿಗೆ ಸೌದೆ ತಳ್ಳಿ, ಅದೇ ಕಾವಿಗೆ ಕೈ ಹಿಡಿದು, ಮಡಿಲಲ್ಲಿದ್ದ ನಿಪ್ಪಟ್ಟನ್ನು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದ ನಮ್ಮ ದೊಡ್ಡಪ್ಪ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದ್ದಾರೆ. ನಿಪ್ಪಟ್ಟು ಮೆತ್ತಗಾಗಿದ್ದರೆ ಒಲೆಯ ಬಾಯಿಯ ಪಕ್ಕದ ಇಟ್ಟಿಗೆಯ ಮೇಲೆ ಸ್ವಲ್ಪ ಹೊತ್ತು ಇಡುತ್ತಿದ್ದರು. ಮತ್ತೆ ಗರಿಗರಿ.

ಇನ್ನೊಂದು ಕಾರಣ ಹೆಣ್ಣುಮಕ್ಕಳು. ಗೌರಿ ಹಬ್ಬವೆಂದರೆ ತವರಿನ ಬಾಗಿನ. ತವರಿಗೆ ಬಂದ ಮಗಳು ಬರಿಗೈಯಲ್ಲಿ ಗಂಡನ ಮನೆಗೆ ಹೋಗುವ ಹಾಗಿಲ್ಲ. ಅವಳು ತಂದ ತಿಂಡಿ ಅಲ್ಲಿ ಬೀದಿಯ ಹತ್ತು ಮನೆಗೆ ಹಂಚಿಕೆಯಾಗಬೇಕು. ಆಮೇಲೆ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಮತ್ತೆ ಚಕ್ಕುಲಿ, ಕಜ್ಜಾಯ, ವಡೆ. ದೀಪಾವಳಿಗೆ ಮತ್ತೆ ಕಜ್ಜಾಯ. ಭಾದ್ರಪದದಿಂದ ಕಾರ್ತಿಕದವರೆಗೆ ನಮ್ಮ ಕಡೆಯ ಮನೆಗಳಲ್ಲಿ ಡಬ್ಬ ಖಾಲಿ ಇರುವ ದಿನ ಕಡಿಮೆ. ಎದುರು ಮನೆಯವರು ಕೊಟ್ಟದ್ದು ನಮ್ಮಲ್ಲಿ, ನಾವು ಕೊಟ್ಟದ್ದು ಅವರಲ್ಲಿ.

ಮೈಸೂರಿನ ಹಳೆಯ ಮನೆಗಳಲ್ಲಿ ದಸರಾದ ಒಂಬತ್ತು ದಿನವೂ ಸಂಜೆ ಗೊಂಬೆ ನೋಡಲು ಬಂದ ಮಕ್ಕಳಿಗೆ ಗೊಂಬೆ ಬಾಗಿನ ಎಂದು ಪುಟ್ಟ ಪುಟ್ಟ ತಿಂಡಿ ಕೊಡುವ ರೂಢಿ. ಕೃಷ್ಣಾಷ್ಟಮಿಗೆ ಮಾಡಿದ ಚಕ್ಕುಲಿ, ತೇಂಗೊಳಲು, ಮುಚ್ಚೋರೆ ಹಾಗೆಯೇ ವಾರಗಟ್ಟಲೆ ನಡೆಯುತ್ತಿತ್ತು. ಎಲ್ಲದರ ಹಿಂದೆಯೂ ಒಂದೇ ಲೆಕ್ಕ: ಒಂದು ದಿನ ಎಣ್ಣೆ ಇಟ್ಟರೆ ಹಲವು ದಿನ ಅನ್ನ ಕೇಳದ ಹಸಿವಿಗೆ ಉತ್ತರ ಸಿಗಬೇಕು.

ಈಗ ಮನೆಯಲ್ಲಿ ಜನ ಕಡಿಮೆ, ಬರುವವರೂ ಕಡಿಮೆ. ಆದರೆ ಮಾಡುವ ಅಳತೆ ಮಾತ್ರ ಅಮ್ಮಂದಿರ ಕೈಯಲ್ಲಿ ಹಳೆಯದೇ, ಸೇರಿನ ಲೆಕ್ಕದ್ದು. ಜೊತೆಗೆ ಅಂಗಡಿಯ ಪೊಟ್ಟಣಗಳೂ ಬಂದು ಸೇರುತ್ತವೆ. ತಿಂಡಿ ಉಳಿಯುತ್ತದೆ, ಉಳಿದದ್ದನ್ನು ಏನು ಮಾಡಬೇಕೆಂಬ ತಿಳಿವಳಿಕೆ ಮಾತ್ರ ಅದರ ಜೊತೆ ಬಸ್ಸು ಹತ್ತಿ ಬರುವುದಿಲ್ಲ.

ಮೆತ್ತಗಾದದ್ದು ಬೇರೆ, ಕೆಟ್ಟದ್ದು ಬೇರೆ

ಡಬ್ಬದ ತಿಂಡಿಗೆ ಬರುವುದು ಎರಡು ಕಾಯಿಲೆ. ಒಂದು ವಾಸಿಯಾಗುತ್ತದೆ, ಇನ್ನೊಂದು ಆಗುವುದಿಲ್ಲ. ಎರಡನ್ನೂ ಒಂದೇ ಎಂದು ತಿಳಿದಿರುವುದರಿಂದಲೇ ಒಳ್ಳೆಯ ತಿಂಡಿ ಕಸಕ್ಕೆ ಹೋಗುತ್ತದೆ, ಕೆಟ್ಟ ತಿಂಡಿ ಹೊಟ್ಟೆಗೆ ಹೋಗುತ್ತದೆ.

ಮೊದಲನೆಯದು ನೀರಿನ ಕಥೆ. ಅಕ್ಕಿ ಹಿಟ್ಟಿನ ಹಸಿ ಚಕ್ಕುಲಿಯನ್ನು ಕಾದ ಎಣ್ಣೆಗೆ ಬಿಟ್ಟ ಕೂಡಲೇ ಬುಳುಬುಳು ಎಂದು ಗುಳ್ಳೆ ಏಳುತ್ತದಲ್ಲ, ಅದು ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಬರುವುದು. ಗುಳ್ಳೆ ನಿಂತಿತು ಎಂದರೆ ನೀರು ಹೆಚ್ಚುಕಡಿಮೆ ಮುಗಿಯಿತು, ಚಕ್ಕುಲಿ ಬೆಂದಿತು. ನೀರಿಲ್ಲದ ಹಿಟ್ಟು ಗಾಜಿನ ಹಾಗೆ ಗಡಸಾಗಿ, ಮುರಿದರೆ ಟಕ್ ಎನ್ನುತ್ತದೆ. ಗಾಳಿಯ ತೇವ ತಾಗಿದರೆ ಆ ಗಾಜು ರಬ್ಬರಿನಂತಾಗುತ್ತದೆ. ಭಾದ್ರಪದದ ಸೋನೆ ಮಳೆಯಲ್ಲಿ, ಅದರಲ್ಲೂ ಕೊಡಗಿನ ಮಗ್ಗುಲಿನ ಈ ಸೀಮೆಯಲ್ಲಿ, ಮುಚ್ಚಳ ಸರಿಯಾಗಿ ಕೂರದಿದ್ದರೆ ಎರಡೇ ದಿನ ಸಾಕು. ಸಂಕ್ರಾಂತಿಯ ಒಣ ಹವೆಯಲ್ಲಿ ಅದೇ ಚಕ್ಕುಲಿ ಹೆಚ್ಚು ದಿನ ಬಾಳುತ್ತದೆ.

ಇದಕ್ಕೆ ಔಷಧಿ ಸುಲಭ. ದಪ್ಪ ತಳದ ಬಾಣಲೆಯನ್ನೋ ಕಬ್ಬಿಣದ ಕಾವಲಿಯನ್ನೋ ಸಣ್ಣ ಉರಿಯ ಮೇಲೆ ಇಟ್ಟು ಚಕ್ಕುಲಿಯನ್ನು ಒಂದೇ ಪದರವಾಗಿ ಹರಡಿ ಐದಾರು ನಿಮಿಷ ಬಿಡಿ, ಒಮ್ಮೆ ಮಗುಚಿ. ಬಿಸಿಯಿದ್ದಾಗ ಮೆತ್ತಗೇ ಇರುತ್ತದೆ, ಹೆದರಬೇಡಿ. ಗರಿ ಬರುವುದು ಆರಿದ ಮೇಲೆ. ಪೂರ್ತಿ ಆರುವ ಮೊದಲೇ ಡಬ್ಬಕ್ಕೆ ತುಂಬಿದರೆ ಒಳಗಿನ ಆವಿ ಮತ್ತೆ ನೀರಾಗಿ ಮಾಡಿದ ಕೆಲಸವೆಲ್ಲ ವ್ಯರ್ಥ. ಡಬ್ಬದ ತಳಕ್ಕೆ ಹಳೆಯ ಪತ್ರಿಕೆ ಹಾಸುವ ಅಭ್ಯಾಸವನ್ನು ಮಾತ್ರ ಬಿಡಿ, ಮುದ್ರಣದ ಶಾಯಿ ಎಣ್ಣೆಯ ತಿಂಡಿಗೆ ಅಂಟುತ್ತದೆ. ತೆಳ್ಳನೆಯ ಬಿಳಿ ಬಟ್ಟೆ ಸಾಕು.

ಒಮ್ಮೆ ಬೇಯಿಸಿದ್ದನ್ನು ಮತ್ತೆ ಕಾವಿಗೆ ಇಟ್ಟು ಒಣಗಿಸಿ ಬಾಳಿಕೆ ಹೆಚ್ಚಿಸುವುದು ಜಗತ್ತಿನ ಹಳೆಯ ಉಪಾಯ. ಬಿಸ್ಕತ್ತು ಎಂಬ ಪದದ ಮೂಲಾರ್ಥವೇ ‘ಎರಡು ಸಲ ಬೇಯಿಸಿದ್ದು’. ನಮ್ಮೂರ ಬೇಕರಿಯ ರಸ್ಕ್ ಕೂಡ ಬ್ರೆಡ್ಡನ್ನು ಹೋಳು ಮಾಡಿ ಎರಡನೇ ಸಲ ಒಲೆಗೆ ಹಾಕಿದ್ದೇ.

ಎರಡನೆಯ ಕಾಯಿಲೆ ಎಣ್ಣೆಯದು. ಗಾಳಿ, ಬೆಳಕು, ಬಿಸಿ ತಾಗಿ ಎಣ್ಣೆ ಹಳತಾದಾಗ ಬರುವ ಕಮಟು ವಾಸನೆ ಎಲ್ಲರಿಗೂ ಗೊತ್ತು. ಕಡಲೆಕಾಯಿ, ಕೊಬ್ಬರಿ ಇರುವ ತಿಂಡಿಗೆ ಇದು ಬೇಗ ಬರುತ್ತದೆ. ಕರಿದು ಕರಿದು ಕಪ್ಪಾದ ಎಣ್ಣೆಯಲ್ಲೇ ಮತ್ತೆ ಕರಿದಿದ್ದರೆ ಇನ್ನೂ ಬೇಗ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಸೇರಿಕೊಳ್ಳುವ ಕೆಟ್ಟ ಅಂಶ ನೂರಕ್ಕೆ 25 ಪಾಲು ಮೀರಿದರೆ ಆ ಎಣ್ಣೆಯನ್ನು ಅಡುಗೆಗೆ ಬಳಸಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈ 1ರಿಂದ ನಿಯಮ ಮಾಡಿದೆ. ಮನೆಯಲ್ಲಿ ಅಳೆಯುವ ಸಾಧನ ಇಲ್ಲದಿದ್ದರೂ ಎಣ್ಣೆ ಕಪ್ಪಗಾಗಿ, ಅಂಟಂಟಾಗಿ, ಬೇಗ ಹೊಗೆಯಾಡಿದರೆ ಅದನ್ನು ಬಿಡಬೇಕೆಂದು ಅರ್ಥ.

ಕಮಟು ಬಂದ ತಿಂಡಿಯನ್ನು ಬಿಸಿ ಮಾಡಿದರೆ, ಮಸಾಲೆ ಹಾಕಿದರೆ ವಾಸನೆ ಅಡಗಬಹುದು, ದೋಷ ಹೋಗುವುದಿಲ್ಲ. ಬೂಷ್ಟು ಹಿಡಿದದ್ದಕ್ಕೂ ಇದೇ ಮಾತು. ಕಡಲೆಕಾಯಿಯ ಮೇಲೆ ಬೆಳೆಯುವ ಕೆಲವು ಬೂಷ್ಟಿನ ವಿಷ ಒಲೆಯ ಕಾವಿಗೆ ನಾಶವಾಗುವುದಿಲ್ಲ. ಮೇಲಿನ ಪದರ ಕೆರೆದು ಒಳಗಿನದನ್ನು ತಿನ್ನುವುದು ಉಳಿತಾಯವಲ್ಲ.

ಆದ್ದರಿಂದ ಡಬ್ಬ ತೆಗೆದ ಕೂಡಲೇ ಮೊದಲು ಮೂಗು, ಆಮೇಲೆ ಕೈ. ವಾಸನೆ ಚೆನ್ನಾಗಿದ್ದು ಮೆತ್ತಗಾಗಿದ್ದರೆ ಅದು ಅಡುಗೆಯ ಸಾಮಾನು. ಮೊರದಲ್ಲಿ ಹಾಕಿ ಇಡಿಯದು, ಮುರಿದದ್ದು, ಪುಡಿ ಎಂದು ಮೂರು ಪಾಲು ಮಾಡಿ. ಮೂರಕ್ಕೂ ಬೇರೆ ಬೇರೆ ದಾರಿ ಇದೆ.

ಮುರಿದ ಚಕ್ಕುಲಿ, ತಳದ ಪುಡಿ

ಚಕ್ಕುಲಿ ಎಂದರೆ ಏನು? ಅಕ್ಕಿ ಹಿಟ್ಟು, ಉದ್ದಿನ ಹಿಟ್ಟು ಅಥವಾ ಹುರಿಗಡಲೆ ಹಿಟ್ಟು, ಬೆಣ್ಣೆ, ಎಳ್ಳು, ಜೀರಿಗೆ, ಇಂಗು, ಉಪ್ಪು. ಉದ್ದು ಮತ್ತು ಎಣ್ಣೆ ಸೇರಿದ ಇನ್ನೊಂದು ತಿಂಡಿ ಯಾವುದು? ವಡೆ. ವಡೆಯನ್ನು ಮೊಸರಿಗೆ ಹಾಕುತ್ತೇವಾದರೆ ಚಕ್ಕುಲಿಯನ್ನೇಕೆ ಹಾಕಬಾರದು?

ಗೆಣ್ಣಿನಷ್ಟು ಉದ್ದಕ್ಕೆ ಮುರಿದ ಚಕ್ಕುಲಿ ಎರಡು ಹಿಡಿ ತೆಗೆದುಕೊಳ್ಳಿ. ಹುಳಿಯಿಲ್ಲದ ಮೊಸರಿಗೆ ಸ್ವಲ್ಪ ಹಾಲು ಬೆರೆಸಿ ತೆಳುವಾಗಿ ಕಡೆಯಿರಿ. ಜಜ್ಜಿದ ಹಸಿ ಶುಂಠಿ, ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ. ಉಪ್ಪು ಹಾಕಬೇಡಿ, ಅದು ಚಕ್ಕುಲಿಯಲ್ಲೇ ಇದೆ ಮತ್ತು ನೆನೆಯುತ್ತ ಮೊಸರಿಗೆ ಇಳಿಯುತ್ತದೆ. ಬಡಿಸುವ ಹತ್ತು ನಿಮಿಷಕ್ಕೆ ಮುಂಚೆ ಚಕ್ಕುಲಿ ಹಾಕಿ. ಹೊರಗೆ ಮೆತ್ತಗೆ, ನಡುವೆ ಇನ್ನೂ ಸ್ವಲ್ಪ ಗರಿ ಇರುವ ಹದ ಇದರ ರುಚಿ. ಮೊದಲೇ ಮೆತ್ತಗಾಗಿದ್ದ ಚಕ್ಕುಲಿಯಾದರೆ ಐದು ನಿಮಿಷ ಸಾಕು, ದಪ್ಪ ನಿಪ್ಪಟ್ಟಾದರೆ ಇಪ್ಪತ್ತು ನಿಮಿಷ ಬೇಕು. ನಮ್ಮ ಮನೆಯಲ್ಲಿ ಇದಕ್ಕೆ ಹೆಸರೇ ಇರಲಿಲ್ಲ. “ಮೊಸರಿಗೆ ಹಾಕಿದ್ದು” ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು.

ನಿಪ್ಪಟ್ಟಿನ ಮಸಾಲೆಯನ್ನು ಬೆಂಗಳೂರಿನ ಗಾಡಿಗಳು ಪ್ರಸಿದ್ಧಿ ಮಾಡಿವೆ. ನಿಪ್ಪಟ್ಟಿನ ಮೇಲೆ ತುರಿದ ಕ್ಯಾರೆಟ್, ಈರುಳ್ಳಿ, ಟೊಮೆಟೊ, ಖಾರದ ಚಟ್ನಿ, ನಿಂಬೆರಸ. ಮುರಿದ ನಿಪ್ಪಟ್ಟಾದರೆ ಅದನ್ನೇ ಕಡ್ಲೆಪುರಿಗೆ ಬೆರೆಸಿ ಮೈಸೂರಿನ ಚುರುಮುರಿಯಂತೆ ಕಲಸಿಬಿಡಿ. ಇಡೀ ಡಬ್ಬದಲ್ಲಿ ಉಳಿದ ಕೋಡುಬಳೆ, ಖಾರದ ಕಡ್ಡಿ, ಅವಲಕ್ಕಿ ಚೂಡ ಎಲ್ಲಕ್ಕೂ ಅಲ್ಲಿ ಜಾಗವಿದೆ. ಕೊನೆಯಲ್ಲಿ ಒಂದು ಚಮಚ ಹಸಿ ಕಡಲೆಕಾಯಿ ಎಣ್ಣೆ ಬಿಟ್ಟರೆ ಹಳೆಯದೆಂದು ಯಾರೂ ಹೇಳಲಾರರು.

ನನಗೆ ಹೆಚ್ಚು ಇಷ್ಟವಾದದ್ದು ತಳದ ಪುಡಿಯ ಬಳಕೆ. ಚಕ್ಕುಲಿ, ನಿಪ್ಪಟ್ಟಿನ ಪುಡಿ ಎಂದರೆ ಬೆಂದ, ಹದವಾಗಿ ಖಾರ ಉಪ್ಪು ಹಿಡಿದ ಹಿಟ್ಟು. ಎಣ್ಣೆಗಾಯಿ ಮಾಡುವಾಗ ಬದನೆಕಾಯಿಯೊಳಗೆ ತುಂಬುವ ಮಸಾಲೆಗೆ ಕಡಲೆಕಾಯಿ ಪುಡಿಯನ್ನೋ ಹುರಿಗಡಲೆಯನ್ನೋ ಹಾಕುತ್ತೇವಲ್ಲ, ಅದರ ಬದಲು ಇದನ್ನು ಹಾಕಿ. ಕೊಬ್ಬರಿ ತುರಿ, ಸಾರಿನ ಪುಡಿ, ಹುಣಸೆ ರಸ, ಒಂದು ಚೂರು ಬೆಲ್ಲ ಸೇರಿಸಿ ಕಲಸಿ, ರುಚಿ ನೋಡಿದ ಮೇಲೆ ಮಾತ್ರ ಉಪ್ಪು. ಪುಟ್ಟ ಬದನೆಕಾಯಿಗೆ ತುಂಬಿ ಸಣ್ಣ ಉರಿಯಲ್ಲಿ ಬೇಯಿಸಿದರೆ ಮಸಾಲೆ ತಾನಾಗಿ ಮಂದವಾಗುತ್ತದೆ. ಹೀರೆಕಾಯಿ ಪಲ್ಯ ನೀರು ಬಿಟ್ಟುಕೊಂಡಾಗ ಕೊನೆಯಲ್ಲಿ ಎರಡು ಚಮಚ ಉದುರಿಸಿದರೂ ಆಯಿತು. ಕಟ್ಲೆಟ್ ಹೊರಳಿಸಲು ರಸ್ಕಿನ ಪುಡಿಗಿಂತ ಇದೇ ರುಚಿ.

ಎಳ್ಳು ಬೆಲ್ಲದೊಳಗೊಂದು ಗೊಜ್ಜು

ಸಂಕ್ರಾಂತಿಯ ಮರುದಿನ ಹಳೆ ಮೈಸೂರಿನ ಪ್ರತಿ ಮನೆಯಲ್ಲೂ ನೂರಾರು ಪುಟ್ಟ ಪೊಟ್ಟಣಗಳು. ಎಳ್ಳು ಬೀರಲು ಹೋದವರು ಎಷ್ಟು ಕೊಟ್ಟರೋ ಅಷ್ಟೇ ತಂದಿರುತ್ತಾರೆ. ಮಕ್ಕಳು ಸಕ್ಕರೆ ಅಚ್ಚನ್ನೂ ಬಣ್ಣದ ಜೀರಿಗೆ ಮಿಠಾಯಿಯನ್ನೂ ಆರಿಸಿ ತಿಂದು, ಉಳಿದದ್ದನ್ನು ಹಾಗೆಯೇ ಬಿಡುತ್ತಾರೆ. ಶಿವರಾತ್ರಿಯ ಹೊತ್ತಿಗೆ ಕೊಬ್ಬರಿಗೆ ಕಮಟು ಬಂದು ಎಲ್ಲವೂ ಹಾಳು.

ಒಮ್ಮೆ ನಮ್ಮಜ್ಜಿ ಈ ಪೊಟ್ಟಣಗಳನ್ನೆಲ್ಲ ಬಿಚ್ಚಿ ಮೊರಕ್ಕೆ ಸುರಿದು ಕೂತಿದ್ದರು. ಮಿಠಾಯಿ ಕಾಳುಗಳನ್ನು ಒಂದೊಂದಾಗಿ ಆರಿಸಿ ಪಕ್ಕಕ್ಕಿಟ್ಟರು. ಮೊರದಲ್ಲಿ ಉಳಿದದ್ದನ್ನು ಕೈಯಲ್ಲಿ ಎತ್ತಿ ತೋರಿಸಿ, “ಎಳ್ಳು, ಕೊಬ್ರಿ, ಕಡ್ಲೆಕಾಯಿ, ಹುರಿಗಡ್ಲೆ, ಬೆಲ್ಲ. ಗೊಜ್ಜಿಗೆ ಇನ್ನೇನು ಬೇಕು ಹೇಳು?” ಎಂದು ಕೇಳಿದರು. ಮೆಣಸಿನಕಾಯಿ, ಹುಣಸೆಹಣ್ಣು ಎಂದೆ. “ಅದು ಮನೇಲಿದೆ” ಎಂದು ಎದ್ದರು.

ಅವರು ಮಾಡಿದ್ದು ಹಾಗಲಕಾಯಿ ಗೊಜ್ಜು. ಆರು ಬ್ಯಾಡಗಿ ಮೆಣಸಿನಕಾಯಿ, ಎರಡು ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಕಡಲೆಬೇಳೆ, ಏಳೆಂಟು ಕಾಳು ಮೆಂತ್ಯವನ್ನು ಎಣ್ಣೆಯಿಲ್ಲದೆ ಹುರಿದು ಪುಡಿ ಮಾಡಿಕೊಳ್ಳುವುದು. ಎಳ್ಳು ಬೆಲ್ಲ ಒಂದು ಬಟ್ಟಲು. ಅದನ್ನು ಮತ್ತೆ ಹುರಿಯಬಾರದು, ಎಳ್ಳು ಈಗಾಗಲೇ ಹುರಿದದ್ದು, ಬೆಲ್ಲ ಕರಗಿ ತಳ ಹಿಡಿಯುತ್ತದೆ. ಪುಡಿಯ ಜೊತೆ ಸ್ವಲ್ಪ ನೀರು ಹಾಕಿ ನುಣ್ಣಗೆ ರುಬ್ಬುವುದು. ಎರಡು ಹಾಗಲಕಾಯಿಯನ್ನು ತೆಳುವಾಗಿ ಹೆಚ್ಚಿ, ಸಾಸಿವೆ, ಕರಿಬೇವು, ಅರಿಶಿನದ ಒಗ್ಗರಣೆಯಲ್ಲಿ ಚೆನ್ನಾಗಿ ಬಾಡಿಸಿ, ನಿಂಬೆ ಗಾತ್ರದ ಹುಣಸೆಯ ರಸ, ಉಪ್ಪು ಹಾಕಿ ಬೇಯಿಸುವುದು. ಹೋಳು ಬೆಂದ ಮೇಲೆ ರುಬ್ಬಿದ್ದನ್ನು ಸೇರಿಸುವುದು.

ಇಲ್ಲೊಂದು ಎಚ್ಚರಿಕೆ ಬೇಕು. ಹುರಿಗಡಲೆ ಇರುವುದರಿಂದ ಗೊಜ್ಜು ಬೇಗ ಗಟ್ಟಿಯಾಗುತ್ತದೆ, ತಳ ಹಿಡಿಯದಂತೆ ಕೈಯಾಡಿಸುತ್ತಿರಬೇಕು. ಗೊಜ್ಜಿಗೆ ಇನ್ನೊಂದು ತುಂಡು ಬೆಲ್ಲ ಬೇಕಾದೀತು. ಎಣ್ಣೆ ಅಂಚಿಗೆ ಬಿಟ್ಟುಕೊಂಡಾಗ ಇಳಿಸಿದರೆ ಮೂರು ನಾಲ್ಕು ದಿನ ಚಪಾತಿಗೂ ಅನ್ನಕ್ಕೂ ನಡೆಯುತ್ತದೆ. ಅನಾನಸ್ ಗೊಜ್ಜಿಗೂ, ಪುಳಿಯೋಗರೆಯ ಗೊಜ್ಜಿಗೂ ಇದೇ ಅಡಿಪಾಯ.

ಅಂದು ಆ ಗೊಜ್ಜನ್ನು ತಿಂದಾಗ ನನಗೆ ಹೊಳೆದದ್ದು ಇಷ್ಟು: ಹಬ್ಬದ ತಿಂಡಿಯನ್ನು ತಿಂಡಿಯೆಂದು ಮಾತ್ರ ನೋಡಿದರೆ ಅದು ಉಳಿದದ್ದು. ಬಿಡಿಸಿ ಅದರೊಳಗಿನ ಸಾಮಾನುಗಳನ್ನು ನೋಡಿದರೆ ಅದು ಹುರಿದು, ಹೆಚ್ಚಿ, ಸಿದ್ಧವಾಗಿಟ್ಟ ದಿನಸಿ. ಅರ್ಧ ಕೆಲಸ ಆಗಲೇ ಮುಗಿದಿದೆ.

ಗೊಜ್ಜು ಬೇಡವೆಂದರೆ ಇಡಿಯಾಗಿ ಕುಟ್ಟಿ ಉಂಡೆ ಕಟ್ಟಿ, ಚಿಗಳಿಯ ಹಾಗೆ. ಉಳಿದ ಸಕ್ಕರೆ ಅಚ್ಚುಗಳನ್ನು ಜಜ್ಜಿ ಕೇಸರಿಬಾತಿಗೋ ಪಾಯಸಕ್ಕೋ ಸಕ್ಕರೆಯ ಬದಲು ಹಾಕಿ.

ಸಿಹಿ ತಿಂಡಿಗೆ ಹಾಲಿನ ದಾರಿ

ಸಿಹಿಗೆ ಬಂದರೆ ಹಾಲೇ ಎಲ್ಲಕ್ಕೂ ಪರಿಹಾರ. ನಮ್ಮಲ್ಲಿ ಹಾಲು ಹೋಳಿಗೆ ಎಂಬ ಹಳೆಯ ತಿಂಡಿಯಿದೆ. ಪೂರಿ ಕರಿದು, ಗಸಗಸೆ, ಕಾಯಿ, ಏಲಕ್ಕಿ ರುಬ್ಬಿ ಕಾಯಿಸಿದ ಸಿಹಿ ಹಾಲಿನಲ್ಲಿ ನೆನೆಸುವುದು. ಒಡೆದ ಕರ್ಜಿಕಾಯಿಯಲ್ಲಿ ಏನಿದೆ? ಕರಿದ ಕಣಕ, ಒಳಗೆ ಕೊಬ್ಬರಿ, ಸಕ್ಕರೆ, ಗಸಗಸೆ, ಏಲಕ್ಕಿ. ಅದನ್ನು ಬಿಸಿ ಹಾಲಿಗೆ ಹಾಕಿ ಕಾಲು ಗಂಟೆ ಬಿಟ್ಟರೆ ಹಾಲು ಹೋಳಿಗೆ ತಾನಾಗಿ ಆಗುತ್ತದೆ.

ಪುಡಿಯಾದ ರವೆ ಉಂಡೆ ಇನ್ನೂ ಸುಲಭ. ತುಪ್ಪದಲ್ಲಿ ಹುರಿದ ರವೆ, ಸಕ್ಕರೆ, ದ್ರಾಕ್ಷಿ, ಗೋಡಂಬಿ ಎಲ್ಲ ಅದರಲ್ಲೇ ಇವೆ. ಒಂದು ಲೋಟ ಪುಡಿಗೆ ಸುಮಾರು ಒಂದೂವರೆ ಲೋಟ ಕುದಿಯುವ ನೀರು ಹಾಕಿ ಕೈಯಾಡಿಸಿ, ಒಂದೆರಡು ಚಮಚ ತುಪ್ಪ, ನೆನೆಸಿದ ಕೇಸರಿ ಸೇರಿಸಿದರೆ ಕೇಸರಿಬಾತು. ಕಲ್ಲಿನಂತಾದ ಕಜ್ಜಾಯವನ್ನು ಇಡ್ಲಿ ಪಾತ್ರೆಯಲ್ಲಿ ಎರಡು ನಿಮಿಷ ಹಬೆಗೆ ಇಟ್ಟರೆ ಬೆಲ್ಲ ಸಡಿಲವಾಗಿ ಮತ್ತೆ ಮೃದು.

ಹೋಳಿಗೆಯ ಮಾತು ಬೇರೆ. ಅದು ಕರಿದ ತಿಂಡಿಯಲ್ಲ, ಹೂರಣದಲ್ಲಿ ನೀರು ಹಾಗೆಯೇ ಇರುತ್ತದೆ. ಬೇಳೆ ಹೋಳಿಗೆ ಹೊರಗಿಟ್ಟರೆ ಎರಡು ದಿನ. ಮರುದಿನ ಕಾವಲಿಯ ಮೇಲೆ ತುಪ್ಪ ಹಾಕಿ ಅಂಚು ಗರಿಯಾಗುವಂತೆ ಸುಟ್ಟು, ಮೇಲೆ ಬಿಸಿ ಹಾಲು ಸುರಿದು ತಿಂದವರಿಗೆ ಹಬ್ಬದ ದಿನದ ಬಿಸಿ ಹೋಳಿಗೆಗಿಂತ ಇದೇ ಇಷ್ಟ, ನನಗಂತೂ. ಮಿಕ್ಕ ಹೂರಣಕ್ಕೆ ಹಾಲು, ಕಾಯಿಹಾಲು ಬೆರೆಸಿದರೆ ಪಾಯಸ. ಒಬ್ಬಟ್ಟಿನ ಸಾರು ಎರಡನೇ ದಿನ ಕುದಿದಷ್ಟೂ ರುಚಿ ಏರುವುದನ್ನು ಯಾರಿಗೂ ಹೇಳಿಕೊಡಬೇಕಿಲ್ಲ.

ಬೈಲಕುಪ್ಪೆಯ ಖಪ್ಸೆ

ಇದೇ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಇನ್ನೊಂದು ಬಗೆಯ ಹಬ್ಬದ ಡಬ್ಬವಿದೆ. 1960ರ ಹೊತ್ತಿಗೆ ಬೈಲಕುಪ್ಪೆಯಲ್ಲಿ ನೆಲೆಯೂರತೊಡಗಿದ ಟಿಬೆಟನ್ನರ ಮನೆಗಳಲ್ಲಿ ಹೊಸ ವರ್ಷ ಲೋಸಾರ್ ಫೆಬ್ರುವರಿ ಮಾರ್ಚ್ ಸುಮಾರಿಗೆ ಬರುತ್ತದೆ. ಆ ಹಬ್ಬಕ್ಕೆ ಖಪ್ಸೆ ಎಂಬ ಕರಿದ ಬಿಸ್ಕತ್ತು ಆಗಲೇಬೇಕು. ಮೈದಾ, ಬೆಣ್ಣೆ, ಸಕ್ಕರೆ, ಹಾಲು ಕಲಸಿ, ನಾನಾ ಆಕಾರಕ್ಕೆ ಹೆಣೆದು, ಎಣ್ಣೆಯಲ್ಲಿ ಕರಿಯುತ್ತಾರೆ. ಕೆಲವು ನಮ್ಮ ಶಂಕರಪೋಳಿಯ ಅಣ್ಣತಮ್ಮಂದಿರಂತೆ ಕಾಣುತ್ತವೆ.

ಅದರಲ್ಲಿ ದೊಡ್ಡದೊಂದು ಬಗೆಗೆ ‘ಕತ್ತೆ ಕಿವಿ’ ಎಂಬ ಅರ್ಥದ ಹೆಸರಿದೆ, ಉದ್ದಕ್ಕೆ ಮಡಿಸಿದ ಕಿವಿಯಂತಿರುತ್ತದೆ. ಅವನ್ನು ಒಂದರ ಮೇಲೊಂದು ಅಡ್ಡಡ್ಡ ಪೇರಿಸಿ, ಸುತ್ತ ಹಣ್ಣು ಮಿಠಾಯಿ ಇಟ್ಟು ದೇವರ ಮುಂದೆ ಗೋಪುರ ಮಾಡುತ್ತಾರೆ. ಗೋಪುರ ಹಬ್ಬದ ದಿನಗಳುದ್ದಕ್ಕೂ ಅಲ್ಲೇ. ಕೊನೆಗೆ ಬಿಚ್ಚಿ ಹಂಚುವ ಹೊತ್ತಿಗೆ ಅವು ಒಣಗಿ ಗಡಸಾಗಿರುತ್ತವೆ. ಮುರಿದು ಚಹಾದಲ್ಲಿ ಅದ್ದಿ ತಿನ್ನುತ್ತಾರೆ. ಬೆಣ್ಣೆ ಉಪ್ಪು ಹಾಕಿದ ಅವರ ಚಹಾ ಆದರೂ ಸರಿ, ನಮ್ಮ ಸಿಹಿ ಟೀ ಆದರೂ ಸರಿ. ಇಲ್ಲೂ ತಿಂಡಿ ಮಾಡಿದ್ದೇ ನಿಲ್ಲಲಿ ಎಂದು, ಮೊದಲು ದೇವರ ಮುಂದೆ, ಆಮೇಲೆ ಬಂದವರ ಮುಂದೆ.

ಈ ಭಾಗದ ಕ್ರೈಸ್ತರ ಮನೆಗಳಲ್ಲೂ ಕ್ರಿಸ್‌ಮಸ್‌ಗೆ ಕೇಕು, ಕರಿದ ತಿಂಡಿಗಳು. ಮಂಗಳೂರಿನ ಕಡೆ ಕ್ರಿಸ್‌ಮಸ್ ತಿಂಡಿಯ ತಟ್ಟೆಗೆ ಕುಸ್ವಾರ್ ಎನ್ನುತ್ತಾರೆ. ಅದರಲ್ಲಿರುವ ನೆವ್ರಿ ನಮ್ಮ ಕರ್ಜಿಕಾಯಿಯೇ, ಕಿಡಿಯೊ ಎಂಬುದು ಸಕ್ಕರೆ ಹಿಡಿದ ಪುಟ್ಟ ಸುರುಳಿ. ಮೇಲೆ ಹೇಳಿದ ಹಾಲಿನ ದಾರಿ ಇವಕ್ಕೂ ಸರಿಹೊಂದುತ್ತದೆ. ಒಣಗಿದ ಕೇಕಿನ ಚೂರುಗಳನ್ನು ಕೋಕೋ ಬೆರೆಸಿ ಉಂಡೆ ಕಟ್ಟುವುದು ಬೇಕರಿಯವರು ಬಹಳ ಹಿಂದಿನಿಂದ ಮಾಡಿಕೊಂಡು ಬಂದದ್ದು.

ಯಾರಿಗೆ ಕೊಡಬಾರದು

ಹಳ್ಳಿಯಲ್ಲಿ ಉಳಿದದ್ದೆಲ್ಲ ಕೊನೆಗೆ ಸೇರುವುದು ಕಲಗಚ್ಚಿಗೆ. ಹಬ್ಬದ ಮರುದಿನ ಹೋಳಿಗೆ, ಅನ್ನ, ಪಾಯಸ, ಉಂಡೆ ಎಲ್ಲವನ್ನೂ ಒಟ್ಟಿಗೆ ಹಸುವಿನ ಮುಂದೆ ಸುರಿಯುತ್ತಾರೆ. ಪ್ರೀತಿಯಿಂದಲೇ ಸುರಿಯುತ್ತಾರೆ, ಆದರೆ ಇದರಿಂದ ಹಸು ಸಾಯಬಹುದು. ಹುಲ್ಲು ಅರಗಿಸಲು ಒಗ್ಗಿಕೊಂಡ ಅದರ ಹೊಟ್ಟೆಗೆ ಒಮ್ಮೆಲೇ ಬೇಯಿಸಿದ ಹಿಟ್ಟು, ಬೆಲ್ಲ, ಸಕ್ಕರೆ ಬಿದ್ದರೆ ಅಲ್ಲಿ ಹುಳಿ ಏರಿ, ಮೆಲುಕು ನಿಂತು, ಹೊಟ್ಟೆ ಉಬ್ಬರಿಸುತ್ತದೆ. ಹಾಗೇನಾದರೂ ಕಂಡರೆ ಮನೆಮದ್ದಿಗೆ ಕಾಯದೆ ಪಶುವೈದ್ಯರನ್ನು ಕರೆಸಿ. ಒಂದು ಹೋಳಿಗೆ ಕೊಡಿ, ಹತ್ತು ಬೇಡ.

ಜನರಿಗೆ ಕೊಡುವಾಗಲೂ ಒಂದು ಮಾತು. ನಮಗೆ ಬೇಡವಾದ, ಕಮಟು ಬಂದ ತಿಂಡಿಯನ್ನು ಮನೆಗೆಲಸದವರ ಕೈಗೆ, ಕಾವಲುಗಾರರ ಕೈಗೆ ಇಡುವುದು ದಾನವಲ್ಲ, ಅವಮಾನ. ಕೊಡುವುದಾದರೆ ಮೊದಲನೇ ದಿನವೇ, ನಮ್ಮ ತಟ್ಟೆಗೆ ಹಾಕಿಕೊಳ್ಳುವ ಮೊದಲೇ ಕೊಡೋಣ. ರಾವಂದೂರಿನ ಬಸ್ ನಿಲ್ದಾಣದಲ್ಲಿ ನಿಂತ ಆ ತಾಯಿ ಹೇಳಿದ್ದೂ ಇದನ್ನೇ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ವ್ಯರ್ಥವಾದ ಆಹಾರ 105 ಕೋಟಿ ಟನ್. ಅದರಲ್ಲಿ ಸುಮಾರು 63 ಕೋಟಿ ಟನ್ ವ್ಯರ್ಥವಾದದ್ದು ಮನೆಗಳಲ್ಲೇ. ಇಷ್ಟು ದೊಡ್ಡ ಅಂಕಿಯ ಮುಂದೆ ಒಂದು ಹಿಡಿ ಚಕ್ಕುಲಿ ಪುಡಿ ಏನೂ ಅಲ್ಲ ಅನ್ನಿಸಬಹುದು. ಆದರೆ ಆ ಪುಡಿಯ ಹಿಂದೆ ಅಕ್ಕಿ ತೊಳೆದು ನೆರಳಲ್ಲಿ ಆರಿಸಿದ ಒಂದು ದಿನ, ಗಿರಣಿಗೆ ಹೋಗಿ ಬಂದ ಒಂದು ಮಧ್ಯಾಹ್ನ, ಬಾಣಲೆಯ ಮುಂದೆ ಒಬ್ಬೆಯ ಮೇಲೆ ಒಬ್ಬೆ ಕರಿದ ಒಂದು ಸಂಜೆ ಇದೆ. ಹೆಚ್ಚಾಗಿ ಅದು ಒಬ್ಬ ಹೆಂಗಸಿನ ಬೆನ್ನುನೋವು. ನನಗೆ ಆ ಲೆಕ್ಕವೇ ದೊಡ್ಡದು.

ಸಿಹಿ ಅಂಗಡಿಗಳಲ್ಲಿ ಬಿಡಿಯಾಗಿ ಮಾರುವ ಸಿಹಿ ತಿಂಡಿಗೂ ಇಂತಿಷ್ಟು ದಿನದೊಳಗೆ ತಿನ್ನಬೇಕೆಂದು ಫಲಕ ಹಾಕಬೇಕೆಂಬ ನಿಯಮ 2020ರ ಅಕ್ಟೋಬರ್ 1ರಿಂದ ಇದೆ. ಮನೆಯ ಡಬ್ಬಕ್ಕೆ ಆ ನಿಯಮವಿಲ್ಲ, ನಾವೇ ಮಾಡಿಕೊಳ್ಳಬೇಕು. ಈ ಸಲ ತಿಂಡಿ ತುಂಬುವಾಗ ಮುಚ್ಚಳದ ಮೇಲೆ ಒಂದು ಚೀಟಿ ಅಂಟಿಸಿ, ಮಾಡಿದ ತಾರೀಖು ಬರೆಯಿರಿ. ಹದಿನೈದನೇ ದಿನ ಡಬ್ಬ ಇಳಿಸಿ ಮೂಸಿ ನೋಡಿ, ಮೊರಕ್ಕೆ ಸುರಿಯಿರಿ. ಅಂದು ಸಂಜೆ ಮೊಸರು, ಮರುದಿನ ಎಣ್ಣೆಗಾಯಿ. ಡಬ್ಬ ತೊಳೆದು ಬಿಸಿಲಿಗೆ ಒಣಗಿಸಿಡಿ, ದೀಪಾವಳಿಗೆ ಬೇಕಾಗುತ್ತದೆ.